ಸೋಮವಾರ ಕುರಣ ನೋಡಲು ಬಂದವರು

ನಮ್ಮ ಓಣಿಯ ಉಳಿದ ಗಂಡಸರು ಹೆಂಡಿರನ್ನು ಕಂಪನಿ ನಾಟಕಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಹುಬ್ಬಳ್ಳಿಯ ಪೇಟೆಗೆ ಹೋಗಿ ಕುಬಸದ ಖಣ ಕೊಡಿಸುತ್ತಿದ್ದರು. ನನ್ನ ಗಂಡ ಮಾತ್ರ ನನ್ನನ್ನು ಹುಲ್ಲು ತೋರಿಸಲು ಕರೆದುಕೊಂಡು ಹೋಗುತ್ತಿದ್ದರು. ಒಂದು ಸಲ ಅಲ್ಲ, ಹೆಚ್ಚುಕಡಿಮೆ ಪ್ರತಿ ರವಿವಾರ, ಎರಡು ವರ್ಷ. ಈಗ ಇದನ್ನು ಹೇಳುವಾಗ ನಗು ಬರುತ್ತದೆ ಎಂದುಕೊಳ್ಳಬೇಡಿ. ಈಗಲೂ ಸಿಟ್ಟೇ ಬರುತ್ತದೆ.

ನಾವು ಆಗ ಧಾರವಾಡದಲ್ಲಿ ಎರಡು ಖೋಲಿಯ ಬಾಡಿಗೆ ಮನೆಯಲ್ಲಿದ್ದೆವು. ಇವರು ಶಾಲೆಯ ಮಾಸ್ತರರು. ಮಕ್ಕಳಿಗೆ ಗಿಡ, ಹಕ್ಕಿ, ಹುಳುಗಳ ಪಾಠ ಹೇಳುವುದು ಇವರ ಕೆಲಸ. ಮನೆಯಲ್ಲಿ ಇನ್ನೂ ಮಕ್ಕಳಿರಲಿಲ್ಲವಾದ್ದರಿಂದ ಅದೇ ಪಾಠ ಸಂಜೆ ನನಗೆ ಆಗುತ್ತಿತ್ತು. ಇವರ ತಾಯಿಯ ತವರು ಉಣಕಲ್ಲಿನಿಂದ ಆಚೆ, ಎರೆಹೊಲಗಳ ನಡುವಿನ ಒಂದು ಸಣ್ಣ ಊರು. ಅಲ್ಲಿ ಊರಿನ ದನಗಳು ಮೇಯಲೆಂದು ಹಿಂದಿನವರು ಒಂದು ದೊಡ್ಡ ಬಯಲನ್ನು ಉಳದೆ ಬಿಟ್ಟಿದ್ದರು. ಅದಕ್ಕೆ ಕುರಣ ಎನ್ನುತ್ತಾರೆ. ಬಯಲಿನ ಒಂದು ಮಗ್ಗುಲಿಗೆ ಕೆರೆಯ ಒಡ್ಡು, ಒಡ್ಡಿನ ಕೆಳಗೆ ನೀರು ಜಿನುಗಿ ನಿಲ್ಲುವ ಜವುಳು ನೆಲ. ಇವರು ಚಿಕ್ಕವರಿದ್ದಾಗ ದೀಪಾವಳಿಯ ಸೂಟಿಗೆ ಅಜ್ಜನ ಮನೆಗೆ ಹೋದರೆ ಆ ಕುರಣದ ಹುಲ್ಲು ಇವರ ತಲೆ ಮುಚ್ಚುತ್ತಿತ್ತಂತೆ. ಜವುಳಿನಲ್ಲಿ ಆಪಿನ ಜೊಂಡು ಎದ್ದು, ಅದರೊಳಗೆ ಹಕ್ಕಿಗಳು ಗದ್ದಲ ಹಾಕುತ್ತಿದ್ದವಂತೆ. ನಾನು ಸೊಸೆಯಾಗಿ ಬಂದು ನೋಡುವ ಹೊತ್ತಿಗೆ ಅಲ್ಲಿ ಇದ್ದದ್ದು ಗರಸು ಕಲ್ಲು, ಸಗಣಿ, ಮತ್ತು ದನದ ಹಲ್ಲಿಗೂ ಸಿಗದಷ್ಟು ಗಿಡ್ಡ ಕರಿಕೆ ಹುಲ್ಲು. ಜವುಳು ಒಣಗಿ ಬಿರುಕು ಬಿಟ್ಟಿತ್ತು.

ಬೇರೆ ಯಾರಾದರೂ ಆಗಿದ್ದರೆ ಕಾಲ ಕೆಟ್ಟಿತು ಎಂದು ಒಂದು ನಿಟ್ಟುಸಿರು ಬಿಟ್ಟು, ಮನೆಗೆ ಹೋಗಿ ಊಟ ಮಾಡುತ್ತಿದ್ದರು. ಇವರು ಊರ ಗೌಡರ ಬೆನ್ನು ಹತ್ತಿದರು. ಗೌಡರು ಇವರಿಗೆ ಸೋದರಮಾವ. ಮಾವನ ಜೀವ ತಿಂದು, ಹಿರಿಯರನ್ನು ಕೂಡಿಸಿ, ಕುರಣದ ಒಂದು ಭಾಗಕ್ಕೆ ಎರಡು ಮಳೆಗಾಲ ದನ ಬಿಡುವುದಿಲ್ಲ ಎಂಬ ಮಾತು ತೆಗೆದುಕೊಂಡರು. ಜವುಳೂ ಅದರಲ್ಲಿ ಸೇರಿತು. ಸುತ್ತಲೂ ಜಾಲಿಮುಳ್ಳಿನ ಬೇಲಿ ಎದ್ದಿತು. ಒಡ್ಡಿನ ಕೆಳಗಿನ ನೀರು ಹರಿದುಹೋಗುತ್ತಿದ್ದ ಕೊರಕಲಿಗೆ ಇವರೇ ಧೋತರ ಮೇಲೆ ಕಟ್ಟಿ ನಿಂತು ಮಣ್ಣು ಹಾಕಿ ಮುಚ್ಚಿದರು. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎನ್ನುತ್ತಾರೆ. ನಮ್ಮಲ್ಲಿ ಮದುವೆಯೇನೋ ಆಗಿತ್ತು.

ಬೇಲಿ ಹಾಕಿದರೆ ಸಾಕೇ, ಹಳೆಯ ಹುಲ್ಲಿನ ಬೀಜ ಎಲ್ಲಿಂದ ಬರಬೇಕು? ಅದಕ್ಕೂ ಇವರ ಹತ್ತಿರ ಉಪಾಯವಿತ್ತು. ರೈಲು ಹಳಿಯ ಎರಡೂ ಕಡೆಗೆ ತಂತಿಬೇಲಿ ಇರುತ್ತದೆ, ಅದರೊಳಗೆ ದನ ಹೋಗುವುದಿಲ್ಲ, ಆದ್ದರಿಂದ ಅಜ್ಜನ ಕಾಲದ ಹುಲ್ಲು ಅಲ್ಲಿ ಇನ್ನೂ ಉಳಿದಿದೆ ಎಂದು ಇವರ ವಾದ. ವಾದ ಖರೇ ಇತ್ತು. ಖರೇ ಇದ್ದದ್ದೇ ನನ್ನ ಕರ್ಮ. ಹೊಸದಾಗಿ ಮದುವೆಯಾಗಿ ಬಂದವಳನ್ನು ಹತ್ತು ಮನೆಗೆ ಕರೆದು ಅಕ್ಕಿ, ಕೊಬ್ಬರಿ ಬಟ್ಟಲು, ಖಣ ಹಾಕಿ ಉಡಿ ತುಂಬುತ್ತಾರೆ. ನನ್ನನ್ನು ಈ ಮಹಾರಾಯರು ಹಳಿಯ ಪಕ್ಕ ನಿಲ್ಲಿಸಿ ಹುಲ್ಲಿನ ಬೀಜದಿಂದ ಉಡಿ ತುಂಬಿದರು. ಅವು ಸಾದಾ ಬೀಜವೂ ಅಲ್ಲ. ತಲೆಗೆ ಸೂಜಿಯಂಥ ಮೊನೆ, ಬಾಲಕ್ಕೆ ತಿರುಚಿದ ಕೂದಲು. ಸೀರೆಗೆ ಹತ್ತಿದರೆ ಒಳಗೆ ಕೊರೆದುಕೊಂಡು ಹೋಗಿ ಮೈಗೆ ಚುಚ್ಚುತ್ತಿದ್ದವು. ನನ್ನ ಇಳಕಲ್ ಸೀರೆಯ ಅಂಚಿನಿಂದ ಅವನ್ನು ಒಂದೊಂದಾಗಿ ಆರಿಸುತ್ತ ಎಷ್ಟೋ ಮಧ್ಯಾಹ್ನ ಕಳೆದಿದ್ದೇನೆ.

ರವಿವಾರ ಬೆಳಿಗ್ಗೆ ರೊಟ್ಟಿ ಬುತ್ತಿ ಕಟ್ಟಿಕೊಂಡು ಉಣಕಲ್ಲಿನ ತನಕ ಸರ್ವಿಸ್ ಮೋಟಾರು, ಅಲ್ಲಿಂದ ಮುಂದೆ ನಡಿಗೆ. ಓಣಿಯ ಹೆಂಗಸರು "ಜೋಡೀಲೆ ಎಲ್ಲಿಗೆ ಹೊಂಟೀರ್ರಿ?" ಎಂದು ಕೇಳಿದರೆ "ಸೋದರಮಾವಾರ ಮನಿಗ್ರಿ" ಎನ್ನುತ್ತಿದ್ದೆ. ಹುಲ್ಲು ನೋಡಲು ಎಂದು ಹೇಳುವುದಕ್ಕೆ ನಾಲಿಗೆ ಏಳುತ್ತಿರಲಿಲ್ಲ. ಕುರಣ ಮುಟ್ಟಿದ ಮೇಲೆ ಇವರು ಬಾಗಿಲಿನ ಮುಳ್ಳುಕಂಟಿ ಸರಿಸಿ, ಗುಡಿಗೆ ಹೋದವರ ಹಾಗೆ ಚಪ್ಪಲಿ ಕಳಚಿ ಒಳಗೆ ಹೋಗುತ್ತಿದ್ದರು.

"ನೋಡು," ಎನ್ನುತ್ತಿದ್ದರು.

"ಏನ ನೋಡ್ಲಿರಿ?"

"ಹೋದ ವಾರಕ್ಕಿಂತ ನಾಕ ಬೆರಳ ಎತ್ತರ ಆಗೇತಿ."

"ನಾಕ ಬೆರಳ ಹುಲ್ಲಿಗೆ ನಾಕ ಮೈಲ ನಡಸ್ತೀರೇನ್ರಿ ನನ್ನ?"

"ಮೆಲ್ಲಕ ಮಾತಾಡು. ಹಕ್ಕಿ ಹಾರಿ ಹೊಕ್ಕಾವು."

ಮೊದಲ ವರ್ಷ ಅಲ್ಲಿ ಹಾರಲು ಒಂದು ಹಕ್ಕಿಯೂ ಇರಲಿಲ್ಲ. ಇಲ್ಲದ ಹಕ್ಕಿ ಹಾರಿಹೋಗಬಾರದೆಂದು ನಾನು ಬಿಸಿಲಿನಲ್ಲಿ ಬಾಯಿ ಮುಚ್ಚಿಕೊಂಡು ಕೂಡಬೇಕಾಗಿತ್ತು.

ಸುಳ್ಳು ಹೇಳಬಾರದು. ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಅದು ನೋಡುವ ಹಾಗೆಯೇ ಆಗಿತ್ತು. ಬೇಲಿಯ ಹೊರಗೆ ಅದೇ ಗರಸು ಕಲ್ಲು, ಒಳಗೆ ನನ್ನ ಸೊಂಟದ ತನಕ ಹುಲ್ಲು. ತುದಿಗೆ ಕೆಂಪು ತೆನೆ ಹೊತ್ತು ಗಾಳಿಗೆ ಎಲ್ಲವೂ ಒಂದೇ ಕಡೆಗೆ ಬಾಗುತ್ತಿತ್ತು. ಜವುಳಿನಲ್ಲಿ ನೀರು ನಿಂತು ಜೇಕು, ಆಪು ಎದ್ದಿದ್ದವು. ಕೊಕ್ಕರೆಗಳು ಬಂದಿದ್ದವು. ಹುಲ್ಲಿನೊಳಗೆ ಕಾಲಿಟ್ಟರೆ ಬುರ್ಲಿ ಹಕ್ಕಿಗಳು ಕಾಲ ಬುಡದಿಂದಲೇ ಭರ್ರನೆ ಎದ್ದು ಎದೆ ಧಸಕ್ಕೆನ್ನುತ್ತಿತ್ತು. ಒಂದು ದಿನ ನಾನೂ ಸುಮ್ಮನೆ ನಿಂತು ನೋಡಿದೆ. ಮನಸ್ಸು ತಂಪಾಯಿತು. ಅಷ್ಟರಲ್ಲಿ ಕಾಲು ಜಾರಿ ಮೊಣಕಾಲ ತನಕ ಕೆಸರಿಗೆ ಇಳಿದೆ. ಇವರು ಓಡಿಬಂದರು. ಕೈ ಹಿಡಿದು ಎತ್ತುತ್ತಾರೆ ಎಂದುಕೊಂಡೆ. "ಅಲ್ಲೇ ನಿಂದ್ರು, ಅಳಗ್ಯಾಡಬ್ಯಾಡ. ನಿನ್ನ ಎಡಗಾಲ ಮಗ್ಗಲಕ್ಕ ಗೂಡ ಐತಿ, ತತ್ತಿ ಅದಾವು," ಎಂದರು. ತತ್ತಿಗೆ ಏನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆ ನನ್ನ ಸರದಿ ಬಂತು.

ಆಗಲೇ ಗೌಡರು ಅಳಿಯನನ್ನು ಕರೆಸಿ ಹೇಳಿದರು. "ಎರಡ ಮಳಿಗಾಲ ಅಂದಿದ್ದಿ, ಮುಗದ್ವು. ಶೀಗಿ ಹುಣ್ಣಿವಿ ಆದ ಮ್ಯಾಲೆ ಹಿರ್ಯಾರು ಬಂದ ನೋಡ್ತಾರ. ಅವರು ಹೂಂ ಅಂದ್ರ ಬೇಲಿ ಇರ್ತೈತಿ. ಇಲ್ಲಾಂದ್ರ ಮರುದಿನಾನ ದನಾ ಬಿಡತೇವಿ."

ಇವರಿಗೆ ಇನ್ನೊಂದೇ ಒಂದು ಮಳೆಗಾಲ ಬೇಕಾಗಿತ್ತು. ಹಳಿಯ ಪಕ್ಕದಿಂದ ತಂದ ಹುಲ್ಲು ಈ ವರ್ಷವೇ ಮೊದಲ ಸಲ ಮೈತುಂಬ ತೆನೆ ಬಿಟ್ಟಿತ್ತು. ಆ ಬೀಜ ಉದುರಿ, ಒಂದು ಮಳೆ ಕಂಡು, ಬೇರು ಬಿಟ್ಟರೆ ಆಮೇಲೆ ದನ ಮೇದರೂ ಅದು ಸಾಯುವುದಿಲ್ಲ. ಈಗಲೇ ಬಿಟ್ಟರೆ ಎರಡು ವರ್ಷದ ಬದುಕು ಎರಡು ವಾರದಲ್ಲಿ ಮುಗಿಯುತ್ತದೆ. ಉಣ್ಣಲು ಕೂತಾಗಲೂ ಇದೇ ಮಾತು. ತಾಟಿಗೆ ಪುಂಡಿಪಲ್ಯ ಹಾಕಿದ್ದೇನೋ ಬದನೆಕಾಯಿ ಹಾಕಿದ್ದೇನೋ ಇವರಿಗೆ ತಿಳಿಯುತ್ತಿರಲಿಲ್ಲ.

ನನ್ನ ತವರು ಗರಗ, ರೈತರ ಮನೆ. ಶೀಗಿ ಹುಣ್ಣಿಮೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಮಾಡಿದ ಅಡಿಗೆಯನ್ನು ಚರಗವೆಂದು ಭೂಮಿತಾಯಿಗೆ ಚೆಲ್ಲಿ, ಬನ್ನಿಗಿಡದ ಕೆಳಗೆ ಕೂತು ಉಣ್ಣುತ್ತಿದ್ದೆವು. ಮದುವೆಯಾದ ಮೇಲೆ ಒಮ್ಮೆಯೂ ಆ ಹಬ್ಬಕ್ಕೆ ತವರಿಗೆ ಹೋಗಿರಲಿಲ್ಲ. ಈ ಸಲ ಅಣ್ಣ ಚಕ್ಕಡಿ ಕಳಿಸಿದ. ನಾನು ತಲೆ ಬಾಚಿಕೊಂಡು, ಗಂಟು ಕಟ್ಟಿಕೊಂಡು ಹೊರಗೆ ಬಂದರೆ ಅಂಗಳದಲ್ಲಿ ಚಕ್ಕಡಿಯೇ ಇಲ್ಲ.

"ಹೊಳ್ಳಿ ಕಳಿಸೇನಿ," ಎಂದರು ಇವರು. "ತೆನಿ ಉದರಾಕತ್ತಾವು. ಬೋಳ ಜಾಗಾಕ ಉಗ್ಗೂ ಬೀಜಾ ಆರಸಾಕ ನಾ ಒಬ್ಬಾವ ಎಷ್ಟಂತ ಮಾಡ್ಲಿ? ಮುಂದಿನ ವರ್ಷ ಹೋಗೀಯಂತ ತಗೋ."

ಹೇಳಿದ್ದು ಹೀಗೆ, ಪೇಟೆಯಲ್ಲಿ ಇವತ್ತು ಮೆಂತ್ಯೆಪಲ್ಯ ಸಿಗಲಿಲ್ಲ ಎನ್ನುವಷ್ಟು ಸಲೀಸಾಗಿ. ಹುಣ್ಣಿಮೆಯ ದಿನ ನಾನು ಕುರಣದಲ್ಲಿ ಬಾಗಿ ಬೀಜ ಆರಿಸಿದೆ. ಸುತ್ತಲಿನ ಹೊಲಗಳಲ್ಲಿ ಜನ ಚರಗ ಚೆಲ್ಲುತ್ತ ಕೂಗುವುದು ಕೇಳುತ್ತಿತ್ತು, ಮಕ್ಕಳು ಓಡಾಡುವುದು ಕಾಣುತ್ತಿತ್ತು. ನಾನು ಅಳಲಿಲ್ಲ. ಅತ್ತುಬಿಟ್ಟಿದ್ದರೆ ಒಳ್ಳೆಯದಾಗುತ್ತಿತ್ತು, ಸಿಟ್ಟು ಅಲ್ಲಿಗೇ ಇಳಿದುಹೋಗುತ್ತಿತ್ತು.

ಮರುದಿನ ನಾನು ರೊಟ್ಟಿ ಬಡಿಯುತ್ತ ಕೂತಿದ್ದೆ. ಇವರು ಒಲೆಯ ಹತ್ತಿರ ಬಂದು ನಿಂತರು.

"ಹಿರ್ಯಾರನ್ನ ಸೋಮವಾರ ಕರದ್ರ ಹೆಂಗ? ಹಿಂಗಾರಿ ಬಿತ್ತಿಗಿ ನಡದೈತಿ, ಬ್ಯಾರೆ ದಿನಾ ಯಾರಿಗೂ ಪುರಸೊತ್ತಿಲ್ಲ. ಸೋಮವಾರ ಬಸವಣ್ಣನ ವಾರ, ಎತ್ತ ಹೂಡಂಗಿಲ್ಲ. ಎಲ್ಲಾರೂ ಖಾಲಿ ಇರ್ತಾರ, ಸಮಾಧಾನದಿಂದ ನೋಡ್ತಾರ."

ತಮ್ಮ ಜಾಣತನಕ್ಕೆ ತಾವೇ ಖುಷಿಪಟ್ಟು ನಕ್ಕರು. ನನ್ನ ಕೈ ನಿಂತಿತು.

ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ ಎಂ‌ಬುದನ್ನು ಇವರು ಬಲ್ಲರು. ಹೂಡದ ಎತ್ತು ಆ ದಿನ ಏನು ಮಾಡುತ್ತದೆ ಎಂಬುದು ಕಾರಕೂನರ ಮಗನಾಗಿ ಧಾರವಾಡದಲ್ಲಿ ಬೆಳೆದ ಇವರಿಗೆ ಗೊತ್ತಿಲ್ಲ. ನನಗೆ ಗೊತ್ತು. ನಮ್ಮಪ್ಪ ವಾರದ ಆರು ದಿನ ಎತ್ತುಗಳನ್ನು ಆಳಿನ ಕೈಗೆ ಬಿಟ್ಟರೂ ಸೋಮವಾರ ಮಾತ್ರ ತಾನೇ ಕೆರೆಗೆ ಒಯ್ದು, ಮೈ ತೊಳೆದು, ಒಳ್ಳೆಯ ಹುಲ್ಲಿದ್ದ ಕಡೆ ಬಿಟ್ಟು, ಸಂಜೆಯ ತನಕ ಅವುಗಳ ಹಿಂದೆ ಹಿಂದೆ ತಿರುಗುತ್ತಿದ್ದ. ಅಂದು ಅವುಗಳಿಗೆ ಬಾರಕೋಲು ಮುಟ್ಟಿಸುವಂತಿಲ್ಲ, ಗೂಟಕ್ಕೆ ಕಟ್ಟುವಂತಿಲ್ಲ, ಬಾಯಿ ಹಾಕಿದ ಕಡೆಯಿಂದ ಎಳೆಯುವಂತಿಲ್ಲ. ಸೋಮವಾರ ರೈತನನ್ನು ಕರೆದರೆ ಅವನ ಎತ್ತುಗಳನ್ನೂ ಕರೆದ ಹಾಗೆಯೇ. ಅದರಲ್ಲೂ ಕೆರೆಯ ಬುಡಕ್ಕೆ ಕರೆದರೆ ಕೇಳುವುದೇ ಬೇಡ.

ಮಾತು ನಾಲಿಗೆಯ ತುದಿಗೆ ಬಂದಿತ್ತು. "ಛಲೋ ಆತ್ರಿ, ಸೋಮವಾರನ ಕರೀರಿ," ಎಂದೆ. ಎಂದು ಮುಂದಿನ ರೊಟ್ಟಿ ಬಡಿದೆ.

ಆ ಸೋಮವಾರಕ್ಕೆ ಇನ್ನೂ ನಾಲ್ಕು ದಿನ ಇದ್ದವು. ಹೇಳಬಹುದಿತ್ತು. ಕಡುಬಿಗೆ ಹೂರಣ ರುಬ್ಬುವಾಗ, ಚಟ್ನಿಗೆ ಶೇಂಗಾ ಹುರಿಯುವಾಗ, ಎರಡು ಮೂರು ಸಲ ಬಾಯಿ ತೆರೆದೆ. ಹೊಳ್ಳಿ ಹೋದ ಚಕ್ಕಡಿ ನೆನಪಾಗಿ ಮತ್ತೆ ಮುಚ್ಚಿದೆ.

ಸೋಮವಾರ ಇವರು ಶಾಲೆಗೆ ರಜೆ ಹಾಕಿ, ಒಗೆದ ಧೋತರ ಉಟ್ಟು, ರುಮಾಲು ಸುತ್ತಿಕೊಂಡು ಕುರಣದ ಬಾಗಿಲಲ್ಲಿ ನಿಂತರು. ಬರುವವರು ಹಿರಿಯರು, ಬಾಗಿ ನುಸುಳಬಾರದೆಂದು ಮುಳ್ಳುಕಂಟಿಯನ್ನೆಲ್ಲ ಸರಿಸಿ ಬಾಗಿಲನ್ನು ಅಗಲ ಮಾಡಿದ್ದರು. ನಾನು ಒಳಗಿನ ಜಾಲಿಗಿಡದ ನೆರಳಿನಲ್ಲಿ ಬುತ್ತಿಯ ಬುಟ್ಟಿ ಇಟ್ಟುಕೊಂಡು ಕೂತಿದ್ದೆ. ಹೊತ್ತು ಏರಿದ ಮೇಲೆ ಒಡ್ಡಿನ ಮೇಲೆ ಜನ ಕಂಡರು. ಮುಂದೆ ಗೌಡರು, ಅವರ ಎರಡೂ ಮಗ್ಗುಲಿಗೆ ಈಗಷ್ಟೇ ಮೈ ತೊಳೆದ ಎರಡು ಬಿಳಿ ಎತ್ತು. ಅವರ ಹಿಂದೆ ಇನ್ನೊಬ್ಬರು, ಇನ್ನೆರಡು ಎತ್ತು. ಹಿರಿಯರು ಎಂಟು ಮಂದಿ, ಎತ್ತು ಹದಿನಾರು.

"ಮಾವ, ಎತ್ತ ಯಾಕ ತಂದ್ರಿ?" ಎಂದು ಇವರು ಕೇಳಿದರು.

"ಸೋಮವಾರ ಅಲ್ಲೇನೋ? ಕೆರ್ಯಾಗ ಮೈ ತೊಳದ ಹಂಗ ಬಂದ್ವಿ."

"ಬಾಗಲ ಹೊರಗ ಕಟ್ಟೂಣ್ರಿ."

ಗೌಡರು ಅಳಿಯನನ್ನು ಮರುಕದಿಂದ ನೋಡಿದರು. "ಸೋಮವಾರ ಬಸವಣ್ಣನ್ನ ಕಟ್ಟತಾರೇನೋ, ಹುಚ್ಚಾ?"

ಅಷ್ಟರಲ್ಲಿ ಎತ್ತುಗಳಿಗೆ ವಾಸನೆ ಹತ್ತಿತ್ತು. ಅಗಲ ಮಾಡಿದ ಬಾಗಿಲಿನಿಂದ ಒಂದರ ಹಿಂದೆ ಒಂದು ಒಳಗೆ ಬಂದವು. ಇವರು ಅತ್ತ ಇತ್ತ ಓಡಿ, ಕಡೆಗೆ ಏನೂ ತೋಚದೆ ಒಂದು ದೊಡ್ಡ ಎತ್ತಿನ ಮುಂದೆ ನಿಂತು ಎರಡೂ ಕೈ ಜೋಡಿಸಿದರು. ಮಾಸ್ತರನಿಗೆ ಬಸವಣ್ಣನ ಮೇಲೆ ಭಕ್ತಿ ಇದೆ ಎಂದು ಹಿರಿಯರು ಮೆಚ್ಚಿ ತಲೆದೂಗಿದರು. ಎತ್ತು ಇವರನ್ನು ಬಳಸಿಕೊಂಡು ಹೋಗಿ ಕೆಂಪು ತೆನೆಗೆ ಬಾಯಿ ಹಾಕಿತು. ಇನ್ನೊಂದು ಜವುಳಿಗೆ ಇಳಿದು, ನಾನು ಅಂದು ಅಲುಗಾಡದೆ ನಿಂತಿದ್ದ ಜಾಗದಲ್ಲೇ ಆಪನ್ನು ತುಳಿದು ಹಾಯಾಗಿ ಮಲಗಿತು. ಗೂಡಿನ ಮರಿಗಳು ಎಂದೋ ಹಾರಿಹೋಗಿದ್ದವು, ಪುಣ್ಯ.

ಹಿರಿಯರು ನೆರಳಿನಲ್ಲಿ ಕೂತರು. ಕಡುಬು, ತುಪ್ಪ, ರೊಟ್ಟಿ, ಚಟ್ನಿ ಬಡಿಸಿದೆ. ಅಡಿಗೆ ಛಲೋ ಆಗಿದೆ ಎಂದರು. ಇವರು ಉಣ್ಣಲಿಲ್ಲ. ಹುಲ್ಲಿನ ಕಡೆಗೆ ಮುಖ ಮಾಡಿ, ತಾಟನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತಿದ್ದರು. ಸೇಡು ತೀರಿದರೆ ಸುಖವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಆ ಬೀಜಗಳನ್ನು ಹೊತ್ತು ತಂದ ಉಡಿ ನನ್ನದು, ಬಿಸಿಲಿನಲ್ಲಿ ಕೂತ ರವಿವಾರಗಳು ನನ್ನವು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ನಾನೇ ನನ್ನದನ್ನೂ ಸೇರಿಸಿ ಮೇಯಿಸಿದ್ದೆ.

ಎಲ್ಲರಿಗಿಂತ ಹಿರಿಯರಾದ ಮುದುಕರೊಬ್ಬರು ತಮ್ಮ ಎತ್ತನ್ನೇ ನೋಡುತ್ತಿದ್ದರು. "ಮನ್ಯಾಗ ಜ್ವಾಳದ ಕಣಕಿ ಹಾಕಿದ್ರ ಮೂಸಿ ನೋಡಿ ಮಾರಿ ತಿರುವತೈತಿ. ಇಲ್ಲಿ ನೋಡ್ರಿ, ತಲೀನ ಎತ್ತವಲ್ದು. ಇದು ನಮ್ಮಪ್ಪನ ಕಾಲದ ಹುಲ್ಲ. ಮಾಸ್ತರ ಖರೇನ ತಂದಾನ."

ಇವರ ಮುಖಕ್ಕೆ ಬಣ್ಣ ಬಂತು. ಮುದುಕರ ಮಾತು ಮುಗಿದಿರಲಿಲ್ಲ. "ಇಷ್ಟ ಛಲೋ ಹುಲ್ಲ ಆದ ಮ್ಯಾಲೆ ಇನ್ನ ಬೇಲಿ ಯಾಕ? ನಾಳಿನಿಂದ ಊರ ದನಾ ಎಲ್ಲಾ ಬಿಡೂಣು."

ಉಳಿದವರು ಹೌದು ಹೌದು ಎಂದರು. ಹುಲ್ಲು ಬೆಳೆಯದಿದ್ದರೆ ಬೇಲಿ ದಂಡ ಎಂದು ದನ ಬಿಡುತ್ತಿದ್ದರು. ಈಗ ಬೆಳೆಯಿತೆಂದು ಬಿಡುವವರಾದರು. ಇವರು ಎದ್ದು ನಿಂತು ಮಾತಾಡಿದರು. ಏನು ಮಾತಾಡಿದರು ಎಂದರೆ, ಬೀಜವು ಪಕ್ವವಾಗಿ ಭೂಮಿಯಲ್ಲಿ ಅಂಕುರಿಸಿ ಮೂಲವು ದೃಢಗೊಳ್ಳುವುದು ಎಂದು, ಪುಸ್ತಕ ಓದಿದ ಹಾಗೆ. ಗಾಬರಿಯಾದರೆ ಇವರಿಗೆ ಶಾಲೆಯ ಕನ್ನಡವೇ ಬರುತ್ತಿತ್ತು. ಹಿರಿಯರು ಸಭ್ಯರು, ಪೂರ್ತಿ ಕೇಳಿದರು. ಒಬ್ಬರು ತೇಗಿದರು. ಗೌಡರು ಮೇಲೇಳಲು ನೆಲಕ್ಕೆ ಕೈ ಊರಿದರು.

ಹಿರಿಯರು ಕೂತಲ್ಲಿ ಸೊಸೆಯಂದಿರು ಬಾಯಿ ಬಿಡುವ ಪದ್ಧತಿ ಇಲ್ಲ. ನಾನು ಸೆರಗು ಮುಂದೆ ಎಳೆದುಕೊಂಡೆ.

"ಮಾವಾರ, ಒಂದ ಮಾತ ಕೇಳ್ಲೇನ್ರಿ?"

ಎಲ್ಲರೂ ತಿರುಗಿದರು. ಇವರೂ ತಿರುಗಿದರು.

"ಮನ್ಯಾಗ ತಿನ್ನೂ ಜ್ವಾಳಾ ತೀರೇತಿ ಅಂತ ತಿಳೀರಿ. ಬಿತ್ತಾಕಂತ ಕಟ್ಟಿಟ್ಟ ಗಂಟ ಮ್ಯಾಲೆ ನೆಲುವಿನ್ಯಾಗ ಐತಿ. ನಿಮ್ಮ ಊರಾಗ ಯಾರರ ಅದನ್ನ ಬಿಚ್ಚಿ, ಬೀಸಿ, ರೊಟ್ಟಿ ಮಾಡ್ತಾರೇನ್ರಿ?"

"ಯಾಕ ಮಾಡ್ತಾರವ್ವಾ?" ಎಂದರು ಗೌಡರು. "ಉಪಾಸ ಇದ್ದೇವು, ಬಿತ್ತೂ ಕಾಳ ಮುಟ್ಟಂಗಿಲ್ಲ."

"ಇದೂ ಬಿತ್ತೂ ಕಾಳರಿ. ಇನ್ನೂ ಎಲ್ಲಾ ನೆಲಕ್ಕ ಬಿದ್ದಿಲ್ಲ. ಇವತ್ತ ಬಸವಣ್ಣ ತಿಂದಿದ್ದು ಅವನ ಪಾಲು, ತಿನ್ಲಿ. ಉಳದಿದ್ದ ಬಿತ್ತಿಗೀಗೆ ಇರ್ಲಿ. ಒಂದ ಮಳಿಗಾಲ ಕಾಣ್ಲಿ. ಆಮ್ಯಾಲೆ ನಿಮ್ಮ ಮೊಮ್ಮಕ್ಕಳ ಎತ್ತಿಗೂ ಸಾಕಾಗಿ ಉಳೀತೈತಿ."

ಹೇಳಿ ಬುಟ್ಟಿಯ ಅಂಚು ಹಿಡಿದುಕೊಂಡೆ. ಮುದುಕರು ಕೂತಲ್ಲಿಂದಲೇ ಒಂದು ತೆನೆ ಕಿತ್ತು, ಜೋಳದ ತೆನೆ ನೋಡುವ ಹಾಗೆ ಅಂಗೈಯಲ್ಲಿ ತಿಕ್ಕಿ ಊದಿದರು. ಹೊಟ್ಟು ಹಾರಿ ಅಂಗೈಯಲ್ಲಿ ಚಿಟಿಕೆಯಷ್ಟು ಉಳಿಯಿತು. "ಕಾಳ ತುಂಬೇತಿ," ಎಂದರು. ಆಮೇಲೆ ಎದ್ದು ಹೋಗಿ ತಮ್ಮ ಎತ್ತಿನ ಕೊರಳ ಮೇಲೆ ಕೈ ಇಟ್ಟರು. ಎಳೆಯಲಿಲ್ಲ, ಗದರಿಸಲಿಲ್ಲ. "ಬಾರೋ ನಮ್ಮಪ್ಪಾ. ಬಿತ್ತೂದ ಐತಂತ ಇದು," ಎನ್ನುತ್ತ ಮುಂದೆ ನಡೆದರು. ಎತ್ತು ಇನ್ನೊಂದು ಬಾಯಿ ಹುಲ್ಲು ಕಿತ್ತುಕೊಂಡು ಅವರ ಹಿಂದೆ ಹೋಯಿತು. ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ಗೌಡರು ಬಾಗಿಲಿನ ಮುಳ್ಳುಕಂಟಿಯನ್ನು ತಾವೇ ಎಳೆದು ಮುಚ್ಚಿ, ಮುಂದಿನ ಮಳೆಗಾಲ ಮುಗಿಯುವ ತನಕ ಇದನ್ನು ಯಾರೂ ತೆಗೆಯಬಾರದು ಎಂದರು.

ಹುಲ್ಲು ಅರ್ಧ ಹೋಗಿತ್ತು. ಅರ್ಧ ಉಳಿದಿತ್ತು.

ಉಣಕಲ್ಲಿನ ತನಕ ನಡೆಯುವಾಗ ಇವರು ನನ್ನನ್ನು ಹೊಗಳಿದರು. ಇಂಥ ಮಾತು ನಿನಗೆ ಹೇಗೆ ಹೊಳೆಯಿತು, ನನಗೆ ಹೊಳೆಯಲಿಲ್ಲ ನೋಡು ಎಂದರು. ನನಗೆ ಪ್ರತಿ ಮಾತೂ ಚುಚ್ಚುತ್ತಿತ್ತು. ಆಮೇಲೆ, ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದರು.

"ನಿಮ್ಮ ಗರಗದಾಗ ಸೋಮವಾರ ಎತ್ತನ್ನ ಏನ ಮಾಡತಾರ?"

"ಮೈ ತೊಳದ ಮೇಯಾಕ ಬಿಡತಾರ್ರಿ."

ನಾಲ್ಕು ಹೆಜ್ಜೆ ನಡೆದು ನಿಂತರು. "ಹಂಗಾದ್ರ ನಿನಗ ಗೊತ್ತಿತ್ತು."

"ಗೊತ್ತಿತ್ರಿ. ಹೇಳಲಿಲ್ಲ. ನೀವು ಚಕ್ಕಡಿ ಹೊಳ್ಳಿ ಕಳಿಸಿದ್ರಿ."

ಈಗ ಬೈಯುತ್ತಾರೆ ಎಂದು ಕಾದೆ. ಬೈದರೆ ಹೇಳಲು ನನ್ನ ಹತ್ತಿರ ಎರಡು ವರ್ಷದ ಸರಕು ಇತ್ತು. ಕೆಸರು, ಬಿಸಿಲು, ಇಲ್ಲದ ಹಕ್ಕಿ, ಉಡಿ, ಎಲ್ಲವನ್ನೂ ಸಾಲಾಗಿ ಇಟ್ಟುಕೊಂಡಿದ್ದೆ.

"ಚಕ್ಕಡಿ ಕಳಸಬಾರದಿತ್ತು ನಾ," ಎಂದರು ಇವರು. ಅಷ್ಟೇ. ಒಂದು ಒಳ್ಳೆಯ ಜಗಳಕ್ಕೂ ಒದಗದ ಮನುಷ್ಯ.

ಉಣಕಲ್ಲಿನಲ್ಲಿ ಮೋಟಾರು ಬಂದಿರಲಿಲ್ಲ. ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತೆ. ಕಾಯಿಪಲ್ಯದ ಬುಟ್ಟಿಯ ಹೆಂಗಸರು, ಹುಬ್ಬಳ್ಳಿಯ ಕಡೆ ಹೊರಟ ಗಂಡಸರು ಸುತ್ತಲೂ ನಿಂತಿದ್ದರು. ಇವರು ನನ್ನ ಕಾಲ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಸೀರೆಯ ಅಂಚನ್ನು ಕೈಗೆ ತೆಗೆದುಕೊಂಡು, ಅದಕ್ಕೆ ಹತ್ತಿದ ಬೀಜಗಳನ್ನು ಒಂದೊಂದಾಗಿ ಬಿಡಿಸತೊಡಗಿದರು.

"ಬಿಡ್ರಿ. ಮಂದಿ ನೋಡಾಕತ್ತಾರ," ಎಂದು ಹಲ್ಲು ಕಚ್ಚಿ ಹೇಳಿದೆ.

ಬಿಡಲಿಲ್ಲ. ತಲೆ ಎತ್ತಲೂ ಇಲ್ಲ. ಅಂಚು ಪೂರ್ತಿ ಸ್ವಚ್ಛವಾಗುವ ತನಕ ಬಿಡಿಸಿದರು. ಬಿಡಿಸಿದ ಬೀಜಗಳನ್ನು ಒಂದೂ ಕೆಳಗೆ ಬೀಳದಂತೆ ಒಂದು ಅರಿವೆಯ ತುಂಡಿನಲ್ಲಿ ಹಾಕಿ, ಗಂಟು ಕಟ್ಟಿ, ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. ನನ್ನನ್ನು ಸಮಾಧಾನ ಮಾಡಲೆಂದು ಹಾಗೆ ಮಾಡಿದರೋ, ಬೀಜ ದಂಡವಾಗಬಾರದೆಂದು ಮಾಡಿದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳಲಿಲ್ಲ. ಕೇಳಿದ್ದರೆ ಖರೇ ಹೇಳಿಬಿಡುತ್ತಿದ್ದರು.